ಹುಬ್ಬಳ್ಳಿಯಲ್ಲಿ ಓದಿದ ಹುಡುಗ ಹಾಕಿದ ಹೊಲಿಗೆ

ನಮ್ಮ ಅಕ್ಕನ ಕೇಸ್‌ಶೀಟಿನಲ್ಲಿ ಮ್ಯಾಕ್‌ಡೊನಾಲ್ಡ್ ಎಂಬ ಹೆಸರಿತ್ತು. ರಾಯಚೂರಿನ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ ನನಗೆ ಮೊದಲು ನೆನಪಾದದ್ದು ಬರ್ಗರ್ ಅಂಗಡಿ. ಭಾವ ಔಷಧಿ ತರಲು ಹೋಗಿದ್ದರು, ಅವ್ವ ಕಣ್ಣು ಮುಚ್ಚಿ ಕೂತಿದ್ದಳು. ಮಾಡಲು ಬೇರೆ ಕೆಲಸವಿಲ್ಲದೆ ಮೊಬೈಲಿನಲ್ಲಿ ಆ ಹೆಸರು ಹುಡುಕಿದೆ. ಆಸ್ಟ್ರೇಲಿಯಾದ ವೈದ್ಯರೊಬ್ಬರು 1957ರಲ್ಲಿ ಪ್ರಕಟಿಸಿದ ಒಂದು ಹೊಲಿಗೆಯ ವಿಧಾನ ಅದು. ಆದರೆ ಪುಟದಲ್ಲಿ ಅವರಿಗಿಂತ ಮೇಲೆ, ಅವರಿಗಿಂತ ಎರಡು ವರ್ಷ ಮೊದಲಿನ ಇನ್ನೊಂದು ಹೆಸರಿತ್ತು. ಡಾ. ವಿಠ್ಠಲ ನಾಗೇಶ ಶಿರೋಡ್ಕರ್. ಹುಟ್ಟಿದ್ದು ಗೋವಾ, ವೈದ್ಯರಾದದ್ದು ಮುಂಬೈ, ಅದಕ್ಕೂ ಮೊದಲು ಓದಿದ್ದು ಹುಬ್ಬಳ್ಳಿ.

ಹುಬ್ಬಳ್ಳಿ ಎಂದು ಓದಿದ ಕೂಡಲೇ ಯಾಕೋ ನಮ್ಮ ಮನೆಯ ಪೈಕಿಯವರು ಯಾರೋ ಸಿಕ್ಕಂತಾಯಿತು. ಅವತ್ತಿನಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ನಾನು ಮೆಕ್ಯಾನಿಕಲ್ ವಿಭಾಗದ ಐದನೇ ಸೆಮಿಸ್ಟರ್ ಹುಡುಗ. ಗಂಡುಹುಡುಗ ಈ ವಿಷಯ ಯಾಕೆ ಬರೆಯುತ್ತಿದ್ದಾನೆ ಎಂದು ಹಾಸ್ಟೆಲಿನಲ್ಲಿ ಒಬ್ಬಿಬ್ಬರು ಕೇಳಿಯೂ ಆಯಿತು. ಅಕ್ಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದಿದ್ದಾಳೆ.

ನಮ್ಮೂರು ಮಾನ್ವಿ. ಅಕ್ಕನನ್ನು ದೇವದುರ್ಗದ ಕಡೆ ಕೊಟ್ಟಿದ್ದೇವೆ. ಮದುವೆಯಾದ ಮರುವರ್ಷ ಬಸಿರಾದಳು. ಐದನೇ ತಿಂಗಳು ನಡೆಯುವಾಗ ಒಂದು ಸಂಜೆ ಸೊಂಟ ಹಿಡಿದಂತಾಗುತ್ತಿದೆ ಅಂದಳಂತೆ, ಅಷ್ಟೇ. ಹೇಳಿಕೊಳ್ಳುವಂಥ ನೋವಿಲ್ಲ, ಬಿದ್ದಿಲ್ಲ, ಜ್ವರವಿಲ್ಲ. ರಾತ್ರಿಯೊಳಗೆ ಎಲ್ಲ ಮುಗಿದಿತ್ತು. ಒಂದೂವರೆ ವರ್ಷದ ನಂತರ ಎರಡನೆಯದೂ ಹಾಗೇ ಆಯಿತು, ಸರಿಸುಮಾರು ಅದೇ ತಿಂಗಳಲ್ಲಿ. ಆಗ ಶುರುವಾದವು ಮಾತುಗಳು. ಹತ್ತಿ ಬಿಡಿಸಲು ಹೋಗಿದ್ದೇ ತಪ್ಪು ಅಂದರು ಕೆಲವರು. ಗ್ರಹಣದ ದಿನ ಹೊರಗೆ ಬಂದಿದ್ದಳು ಅಂದರು ಇನ್ನು ಕೆಲವರು. ಹೊಟ್ಟೆಯಲ್ಲಿ ಕೂಸು ನಿಲ್ಲದ ಹೆಣ್ಣು ಎಂಬ ಮಾತು ಓಣಿಯಲ್ಲಿ ಓಡಾಡಿ ಮಾನ್ವಿಯವರೆಗೂ ಬಂತು. ಹರಕೆ ಹೊತ್ತರು, ದಾರ ಕಟ್ಟಿಸಿದರು. ಒಂದು ಖಾಸಗಿ ದವಾಖಾನೆಯಲ್ಲಿ ಮುಂದಿನ ಸಲ ಹಾಸಿಗೆ ಬಿಟ್ಟು ಏಳಬೇಡ ಎಂದು ಹೇಳಿ ಶಕ್ತಿಯ ಗುಳಿಗೆ ಬರೆದುಕೊಟ್ಟರು. ಎರಡು ಕೂಸು ಹೋದದ್ದಕ್ಕೆ ಕಾರಣವೇನು ಎಂದು ಯಾರೂ ಹೇಳಲಿಲ್ಲ. ಅದಕ್ಕೊಂದು ಹೆಸರಿದೆ ಎಂಬುದೇ ನಮಗೆ ಗೊತ್ತಿರಲಿಲ್ಲ.

ಎಪ್ಪತ್ತು ವರ್ಷದ ಹಿಂದೆ ಮುಂಬೈಯಲ್ಲಿ ಈ ಪ್ರಶ್ನೆಯನ್ನೇ ಹಿಡಿದು ಕೂತವರು ಶಿರೋಡ್ಕರ್.

ಅವರು ಹುಟ್ಟಿದ್ದು 1899ರ ಏಪ್ರಿಲ್ 27ರಂದು, ಗೋವಾದ ಶಿರೋಡಾ ಎಂಬ ಹಳ್ಳಿಯಲ್ಲಿ. ಊರಿನ ಹೆಸರೇ ಮನೆತನದ ಹೆಸರು. ಆಗ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಓದಲು ಬಂದ ಹುಬ್ಬಳ್ಳಿ ಬ್ರಿಟಿಷರ ಮುಂಬೈ ಪ್ರಾಂತದಲ್ಲಿತ್ತು. ಅದೇ ಹೊತ್ತಿಗೆ ನಮ್ಮ ರಾಯಚೂರು, ಮಾನ್ವಿ, ದೇವದುರ್ಗ ನಿಜಾಮರ ಕೆಳಗಿದ್ದವು. ಕನ್ನಡ ಆಡುವ ಜನ ಹೀಗೆ ಹಂಚಿಹೋಗಿದ್ದ ಕಾಲ ಅದು. ವೈದ್ಯಕೀಯ ಓದಬೇಕೆಂದರೆ ಹುಬ್ಬಳ್ಳಿಯ ಹುಡುಗನಿಗೆ ಮುಂಬೈಯೇ ದಾರಿ. ಮೈಸೂರು ಸಂಸ್ಥಾನದ ಮೆಡಿಕಲ್ ಕಾಲೇಜು ಆರಂಭವಾದದ್ದೇ 1924ರಲ್ಲಿ. ಹುಬ್ಬಳ್ಳಿಗೆ ಮೆಡಿಕಲ್ ಕಾಲೇಜು ಬಂದದ್ದು 1957ರಲ್ಲಿ. ಶಿರೋಡ್ಕರ್ ಮುಂಬೈಯ ಗ್ರಾಂಟ್ ಮೆಡಿಕಲ್ ಕಾಲೇಜಿನಿಂದ 1923ರಲ್ಲಿ ಎಂಬಿಬಿಎಸ್ ಮುಗಿಸಿದರು. 1927ರಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗದಲ್ಲಿ ಎಂ.ಡಿ. ಪಡೆದರು. ನಂತರ ಇಂಗ್ಲೆಂಡಿಗೆ ಹೋಗಿ 1931ರಲ್ಲಿ ಎಫ್‌ಆರ್‌ಸಿಎಸ್ ಮಾಡಿದರು. ಅಲ್ಲೇ ಉಳಿಯದೆ ಮರಳಿ ಬಂದು, ತಾವು ಓದಿದ ಕಾಲೇಜಿನಲ್ಲೇ ಪಾಠ ಹೇಳಿದರು, ಪ್ರಾಧ್ಯಾಪಕರಾದರು.

ಆ ಕಾಲದ ಹೆರಿಗೆ ವಾರ್ಡನ್ನು ಈಗಿನ ನಾವು ಊಹಿಸಿಕೊಳ್ಳುವುದೇ ಕಷ್ಟ. ಸ್ಕ್ಯಾನಿಂಗ್ ಇಲ್ಲ. ಹೊಟ್ಟೆಯೊಳಗಿನ ಕೂಸನ್ನು ಶಬ್ದತರಂಗಗಳಿಂದ ನೋಡಬಹುದು ಎಂದು ಸ್ಕಾಟ್ಲೆಂಡಿನ ಇಯಾನ್ ಡೊನಾಲ್ಡ್ ತೋರಿಸಿದ್ದು 1958ರಲ್ಲಿ. ಅಲ್ಲಿಯವರೆಗೆ ವೈದ್ಯರಿಗಿದ್ದದ್ದು ಕೈಬೆರಳು ಮತ್ತು ರೋಗಿ ಹೇಳುವ ಕಥೆ. ಶಿರೋಡ್ಕರ್ ದೊಡ್ಡವರೆನಿಸಿದ್ದು ಆ ಕಥೆಯನ್ನು ಗಮನವಿಟ್ಟು ಕೇಳಿದ್ದರಿಂದ ಎಂದು ನನಗನ್ನಿಸುತ್ತದೆ.

ಗರ್ಭ ಹೋಗುವುದು ಅಪರೂಪವೇನಲ್ಲ. ಹೆಚ್ಚಿನವು ಮೊದಲ ಮೂರು ತಿಂಗಳೊಳಗೇ ಹೋಗುತ್ತವೆ. ಅವುಗಳಲ್ಲಿ ಬಹಳಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲಿನ ದೋಷ. ಅದನ್ನು ಯಾರೂ ತಡೆಯಲಾಗದು, ಅದು ಯಾರ ತಪ್ಪೂ ಅಲ್ಲ. ಆದರೆ ಶಿರೋಡ್ಕರ್ ಬಳಿ ಬರುತ್ತಿದ್ದವರಲ್ಲಿ ಬೇರೆಯದೇ ಒಂದು ಗುಂಪಿತ್ತು. ಇವರಿಗೆ ನಾಲ್ಕನೇ ತಿಂಗಳಿನಿಂದ ಏಳನೇ ತಿಂಗಳೊಳಗೆ ಗರ್ಭ ಹೋಗುತ್ತಿತ್ತು. ಒಂದಲ್ಲ, ಪ್ರತಿ ಸಲವೂ. ಕೂಸಿನಲ್ಲಿ ದೋಷವಿಲ್ಲ, ತಾಯಿಗೆ ಬೇರೆ ರೋಗವಿಲ್ಲ. ತಿಂಗಳುಗಟ್ಟಲೆ ಮಲಗಿಸಿದರೂ, ಹಾರ್ಮೋನ್ ಕೊಟ್ಟರೂ ಫಲವಿಲ್ಲ. ಪರೀಕ್ಷಿಸುತ್ತಾ ಹೋದಾಗ ಅವರಿಗೆ ಕಂಡದ್ದು ಇಷ್ಟು: ಇಂಥವರಲ್ಲಿ ಗರ್ಭಕೋಶದ ಬಾಯಿ ಹೆರಿಗೆ ನೋವಿಲ್ಲದೆ, ಸದ್ದಿಲ್ಲದೆ, ಬೇಗನೇ ತೆರೆದುಕೊಳ್ಳುತ್ತಿದೆ.

ಇಲ್ಲಿ ಸ್ವಲ್ಪ ನನ್ನ ಓದಿನ ಭಾಷೆ ಬಳಸುತ್ತೇನೆ, ಬೇಸರಿಸಬೇಡಿ. ಗರ್ಭಕೋಶವನ್ನು ತಲೆಕೆಳಗಾಗಿ ಇಟ್ಟ ಚೀಲ ಎಂದುಕೊಳ್ಳಿ. ಅದರ ಬಾಯಿಯೇ ಗರ್ಭಕಂಠ, ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಗಟ್ಟಿ ಕೊಳವೆ. ಕೂಸು ಮತ್ತು ನೀರು ಬೆಳೆದಂತೆ ಭಾರ ಬೀಳುವುದು ಕೆಳಗಿರುವ ಆ ಬಾಯಿಯ ಮೇಲೆ. ಒಂಬತ್ತು ತಿಂಗಳು ಅದು ಮುಚ್ಚಿಕೊಂಡೇ ಇರಬೇಕು, ಹೆರಿಗೆಯ ದಿನ ಮಾತ್ರ ಹತ್ತು ಸೆಂಟಿಮೀಟರ್ ತೆರೆಯಬೇಕು. ಯಾವ ಎಂಜಿನಿಯರೂ ಇಂಥ ವಾಲ್ವ್ ಮಾಡಿಲ್ಲ. ಕೆಲವರಲ್ಲಿ ಇದರ ಅಂಗಾಂಶ ಹುಟ್ಟಿನಿಂದಲೇ ಸಡಿಲ. ಕೆಲವರಲ್ಲಿ ಹಿಂದಿನ ಹೆರಿಗೆಯಲ್ಲಿ ಹರಿದಿರುತ್ತದೆ, ಅಥವಾ ಗರ್ಭಕೋಶ ಸ್ವಚ್ಛ ಮಾಡುವಾಗ ಬಲವಂತವಾಗಿ ಹಿಗ್ಗಿಸಿರುತ್ತಾರೆ, ಅಥವಾ ಗರ್ಭಕಂಠದ ಶಸ್ತ್ರಚಿಕಿತ್ಸೆ ಆಗಿರುತ್ತದೆ. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಭಾರ ತಡೆಯುವಷ್ಟು ದಿನ ತಡೆದು, ಐದನೇ ತಿಂಗಳ ಹೊತ್ತಿಗೆ ಬಾಯಿ ಬಿಟ್ಟುಕೊಳ್ಳುತ್ತದೆ. ವೈದ್ಯರು ಇದನ್ನು ಸರ್ವೈಕಲ್ ಇನ್‌ಸಫಿಷಿಯೆನ್ಸಿ ಅನ್ನುತ್ತಾರೆ. ಕನ್ನಡದಲ್ಲಿ ಗರ್ಭಕಂಠದ ದೌರ್ಬಲ್ಯ ಎನ್ನಬಹುದೇನೋ. ನೂರು ಗರ್ಭಿಣಿಯರಲ್ಲಿ ಒಬ್ಬರಿಗಿಂತ ಕಡಿಮೆ ಜನರಿಗೆ ಬರುತ್ತದೆ. ಕೇಳಲು ಸಣ್ಣ ಪ್ರಮಾಣ. ಆದರೆ ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಎಷ್ಟು ಹೆರಿಗೆ ಆಗುತ್ತವೆ ಎಂದು ಯೋಚಿಸಿದರೆ, ನಮ್ಮಕ್ಕ ಒಬ್ಬಳೇ ಇರಲಿಕ್ಕಿಲ್ಲ.

ಇದು ಮೊದಲು ಶಿರೋಡ್ಕರ್ ಅವರಿಗೇ ಹೊಳೆದದ್ದು ಎಂದರೆ ತಪ್ಪಾಗುತ್ತದೆ. ಗರ್ಭಕೋಶದ ಬಾಯಿ ಸಡಿಲವಿದ್ದರೆ ಬಸಿರು ನಿಲ್ಲುವುದಿಲ್ಲ ಎಂದು ಯುರೋಪಿನ ಹಳೆಯ ವೈದ್ಯಕೀಯ ಗ್ರಂಥಗಳಲ್ಲೇ ಇದೆ. 1950ರಲ್ಲಿ ಅಮೆರಿಕದ ಲ್ಯಾಷ್ ಎಂಬ ಹೆಸರಿನ ಇಬ್ಬರು ವೈದ್ಯರು ಬಸಿರಿಲ್ಲದ ಸಮಯದಲ್ಲಿ ಕಂಠದ ಸಡಿಲ ಭಾಗವನ್ನು ಕತ್ತರಿಸಿ ಕೂಡಿಸುವ ವಿಧಾನ ಪ್ರಕಟಿಸಿದ್ದರು. ಶಿರೋಡ್ಕರ್ ಮಾಡಿದ ಧೈರ್ಯ ಬೇರೆ. ಬಸಿರು ಇರುವಾಗಲೇ, ಕೂಸು ಒಳಗಿರುವಾಗಲೇ ಬಾಯಿ ಕಟ್ಟುವುದು. ಮುಟ್ಟಿದರೆ ಗರ್ಭ ಹೋದೀತು ಎಂದು ಹೆದರುವ ಜಾಗದಲ್ಲೇ ಸೂಜಿ ಹಾಕುವುದು.

ದಾರ ಯಾವುದು ಎಂಬುದು ಮುಂದಿನ ಪ್ರಶ್ನೆ. ಕರಗಿಹೋಗುವ ದಾರ ಆರು ತಿಂಗಳು ತಡೆಯದು. ಮೈ ಒಪ್ಪದ ವಸ್ತು ಹಾಕಿದರೆ ಕೀವಾಗುತ್ತದೆ. ಅವರು ಆ ತಾಯಿಯ ತೊಡೆಯ ಹೊರಮಗ್ಗುಲಿನಿಂದಲೇ ಒಂದು ಪಟ್ಟಿ ತೆಗೆದರು. ಅಲ್ಲಿ ಸ್ನಾಯುಗಳನ್ನು ಸುತ್ತಿಕೊಂಡು ಫೇಶಿಯಾ ಲೇಟಾ ಎಂಬ ಗಟ್ಟಿಯಾದ ಬಿಳಿ ಪೊರೆ ಇರುತ್ತದೆ. ಅದರ ಸಣ್ಣ ಪಟ್ಟಿಯನ್ನು ಗರ್ಭಕಂಠದ ಸುತ್ತ, ಮೂತ್ರಕೋಶವನ್ನು ಮೇಲಕ್ಕೆ ಸರಿಸಿ, ಒಳಬಾಯಿಯ ಮಟ್ಟದಲ್ಲಿ ಸುತ್ತಿ ಬಿಗಿದರು. ತಾಯಿಯ ಕಾಲಿನ ಪಟ್ಟಿಯೇ ಕೂಸಿಗೆ ಅಗುಳಿ. ನಂತರದ ವರ್ಷಗಳಲ್ಲಿ ಐದು ಮಿಲಿಮೀಟರ್ ಅಗಲದ ನೇಯ್ದ ಪಾಲಿಯೆಸ್ಟರ್ ಟೇಪ್ ಬಂತು. ಈಗ ತೊಡೆ ಕೊಯ್ಯುವ ಅಗತ್ಯವಿಲ್ಲ.

ಈ ಅನುಭವವನ್ನು ಅವರು 1955ರಲ್ಲಿ ಪ್ರಕಟಿಸಿದರು. ಲಂಡನ್ನಿನ ದೊಡ್ಡ ಪತ್ರಿಕೆಯಲ್ಲಲ್ಲ, ಮದ್ರಾಸಿನಿಂದ ಬರುತ್ತಿದ್ದ ದಿ ಆಂಟಿಸೆಪ್ಟಿಕ್ ಎಂಬ ವೈದ್ಯಕೀಯ ಮಾಸಿಕದಲ್ಲಿ. ಲೇಖನ ಎರಡೇ ಪುಟ. ಮುಂಬೈಯಿಂದ ಮದ್ರಾಸಿಗೆ ಹೋಗುವ ಅಂಚೆ ನಮ್ಮ ರಾಯಚೂರು ಸ್ಟೇಷನ್ ದಾಟಿಯೇ ಹೋಗುತ್ತಿತ್ತು. ಆ ಎರಡು ಪುಟವೂ ಒಂದು ರಾತ್ರಿ ಇಲ್ಲಿಂದ ಹಾದುಹೋಗಿರಬೇಕು ಎಂದು ಊಹಿಸಿಕೊಂಡು ನಾನೊಬ್ಬನೇ ಖುಷಿಪಟ್ಟೆ. ಅದರಲ್ಲಿ ಅವರು ಹೇಳಿಕೊಂಡದ್ದು 30 ಹೆಂಗಸರ ಬಗ್ಗೆ. ಪ್ರತಿಯೊಬ್ಬರಿಗೂ ಕನಿಷ್ಠ ನಾಲ್ಕು ಸಲ ಗರ್ಭ ಹೋಗಿತ್ತು, ಕೆಲವರಿಗೆ ಅದಕ್ಕಿಂತಲೂ ಹೆಚ್ಚು. ನಾಲ್ಕು ಎಂಬ ಅಂಕಿಯನ್ನು ಓದಿದಾಗ ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ. ಎರಡಕ್ಕೇ ನಮ್ಮಕ್ಕ ಯಾರ ಮನೆಯ ಸೀಮಂತಕ್ಕೂ ಹೋಗುವುದನ್ನು ಬಿಟ್ಟಿದ್ದಳು.

ಎರಡು ವರ್ಷ ಕಳೆಯುವುದರೊಳಗೆ ಆಸ್ಟ್ರೇಲಿಯಾದ ಇಯಾನ್ ಮ್ಯಾಕ್‌ಡೊನಾಲ್ಡ್ ಇದನ್ನು ಸುಲಭ ಮಾಡಿದರು. ಮೂತ್ರಕೋಶ ಸರಿಸುವ ಗೋಜಿಲ್ಲ, ಕಂಠದ ಸುತ್ತ ಸೂಜಿ ಏರಿಸಿ ಇಳಿಸಿ ದಾರ ಎಳೆದು ಗಂಟು ಹಾಕುವುದು. ನಮ್ಮ ಅಜ್ಜಿಯ ಎಲೆ ಅಡಿಕೆ ಚಂಚಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಲಾಡಿ ಎಳೆದರೆ ಬಾಯಿ ಮುಚ್ಚಿತು. ಹಾಕುವುದೂ ತೆಗೆಯುವುದೂ ಸಲೀಸು, ಹೀಗಾಗಿ ಇವತ್ತು ಹೆಚ್ಚಿನ ಕಡೆ ಮಾಡುವುದು ಇದನ್ನೇ. ಶಿರೋಡ್ಕರ್ ಹೊಲಿಗೆ ಕೆಲಸ ಹೆಚ್ಚು ಬೇಡುತ್ತದೆ, ಆದರೆ ಒಳಬಾಯಿಗೆ ಹತ್ತಿರ ಕೂರುತ್ತದೆ. ಯಾವುದು ಮೇಲು ಎಂದು ವೈದ್ಯರು ಇನ್ನೂ ವಾದಿಸುತ್ತಾರೆ. ಎರಡೂ ಪಠ್ಯಪುಸ್ತಕಗಳಲ್ಲಿ ಅಕ್ಕಪಕ್ಕದಲ್ಲೇ ಉಳಿದಿವೆ. ಶಿರೋಡ್ಕರ್ ಮಾತ್ರ ತಮ್ಮ ವಿಧಾನವನ್ನು ಮುಚ್ಚಿಟ್ಟುಕೊಳ್ಳದೆ ಬೇರೆ ದೇಶಗಳ ವೈದ್ಯರಿಗೂ ಮಾಡಿ ತೋರಿಸಿದರು. 1960ರಲ್ಲಿ ತಮ್ಮ ಶಸ್ತ್ರಚಿಕಿತ್ಸೆಗಳ ಕುರಿತ ಪುಸ್ತಕವೊಂದನ್ನು ಎಡಿನ್‌ಬರೋದಿಂದ ಪ್ರಕಟಿಸಿದರು.

ಅವರನ್ನು ಈ ಒಂದೇ ಹೊಲಿಗೆಗೆ ಕಟ್ಟಿಹಾಕುವುದೂ ಸರಿಯಲ್ಲ. ಗರ್ಭಕೋಶ ಕೆಳಕ್ಕೆ ಜಾರುವ ತೊಂದರೆಗೆ, ಇನ್ನೂ ಮಕ್ಕಳು ಬೇಕಾಗಿರುವ ಸಣ್ಣ ವಯಸ್ಸಿನ ಹೆಂಗಸರಲ್ಲಿ ಗರ್ಭಕೋಶ ತೆಗೆಯದೆ ಅದನ್ನು ಪಟ್ಟಿಯಿಂದ ಮೇಲಕ್ಕೆತ್ತಿ ಕಟ್ಟುವ ಶಸ್ತ್ರಚಿಕಿತ್ಸೆಯೂ ಅವರ ಹೆಸರಿನಲ್ಲಿದೆ. ಸಸಿ ನಾಟಿ, ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೆ ಹೆರಿಗೆಯಾದ ಕೆಲವೇ ವಾರದಲ್ಲಿ ಮರಳುವ ನಮ್ಮ ಭಾಗದ ಹೆಂಗಸರು ಈ ತೊಂದರೆಯನ್ನು ಎಷ್ಟು ವರ್ಷ ಯಾರಿಗೂ ಹೇಳದೆ ಸಹಿಸುತ್ತಾರೆ ಎಂಬುದು ಬೇರೆಯದೇ ಲೇಖನವಾಗಬೇಕಾದ ವಿಷಯ.

1949ರಲ್ಲಿ ಮುಂಬೈಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘ ಆರಂಭವಾದಾಗ ಅದರ ಸ್ಥಾಪಕ ಸದಸ್ಯರಲ್ಲಿ ಶಿರೋಡ್ಕರ್ ಕೂಡ ಒಬ್ಬರು. ಆ ಸಂಘವನ್ನು ಕಟ್ಟಿದ ಧನವಂತಿ ರಾಮರಾವ್ ಹುಟ್ಟಿದ್ದೂ ಹುಬ್ಬಳ್ಳಿಯಲ್ಲಿ, 1893ರಲ್ಲಿ. ಬೇಡದ ಬಸಿರನ್ನು ತಡೆಯುವ ಸಂಘದಲ್ಲಿದ್ದವರೇ ಬೇಕಾದ ಬಸಿರನ್ನು ಉಳಿಸುವ ಹೊಲಿಗೆ ಕಂಡುಹಿಡಿದರು. ಮೊದಲಿಗೆ ಇದು ವಿಚಿತ್ರ ಅನ್ನಿಸಿತು. ಯೋಚಿಸಿದ ಮೇಲೆ ಅನ್ನಿಸಿದ್ದು, ಎರಡರಲ್ಲೂ ಕೇಳಿಬರುವುದು ಆ ಹೆಣ್ಣಿಗೆ ಏನು ಬೇಕು ಎಂಬ ಒಂದೇ ಪ್ರಶ್ನೆ.

ಸರ್ಕಾರ ಅವರಿಗೆ 1960ರಲ್ಲಿ ಪದ್ಮಭೂಷಣ, 1971ರಲ್ಲಿ ಪದ್ಮವಿಭೂಷಣ ಕೊಟ್ಟಿತು. ಅದೇ 1971ರ ಮಾರ್ಚ್ 7ರಂದು ಅವರು ತೀರಿಕೊಂಡರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಗೆಳೆಯರು ಪದ್ಮ ಪ್ರಶಸ್ತಿಗಳ ಪಟ್ಟಿಯಲ್ಲಿ ಈ ಹೆಸರನ್ನು ಗುರುತು ಹಾಕಿಟ್ಟುಕೊಳ್ಳಬಹುದು. ನಮ್ಮ ಕೋಚಿಂಗ್ ನೋಟ್ಸುಗಳಲ್ಲಿ ನಾನಂತೂ ನೋಡಿಲ್ಲ.

ಅವರು ಹೋದ ಮೇಲಿನ ಕಥೆಯನ್ನೂ ಹೇಳಬೇಕು, ಇಲ್ಲದಿದ್ದರೆ ಹೊಗಳಿಕೆಯಷ್ಟೇ ಉಳಿಯುತ್ತದೆ. ಹೊಲಿಗೆ ಪ್ರಸಿದ್ಧವಾದಂತೆ ಅದನ್ನು ಬೇಕಾದವರಿಗೂ ಬೇಡದವರಿಗೂ ಹಾಕುವ ರೂಢಿ ಬೆಳೆಯಿತು. ನಿಜಕ್ಕೂ ಯಾರಿಗೆ ಉಪಯೋಗ ಎಂದು ತಿಳಿಯಲು ಬ್ರಿಟನ್ನಿನ ವೈದ್ಯರ ನೇತೃತ್ವದಲ್ಲಿ ಹಲವು ದೇಶಗಳ 1292 ಗರ್ಭಿಣಿಯರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 1993ರಲ್ಲಿ ಬಂತು. ಹೊಲಿಗೆ ಹಾಕಿಸಿಕೊಂಡವರಲ್ಲಿ 33 ವಾರಕ್ಕೆ ಮೊದಲೇ ಹೆರಿಗೆಯಾದವರು ನೂರಕ್ಕೆ 13, ಹಾಕದವರಲ್ಲಿ 17. ಅಂದರೆ ಲಾಭವುಂಟು, ಆದರೆ ಎಲ್ಲರಿಗಲ್ಲ. ಸ್ಪಷ್ಟ ಲಾಭ ಕಂಡದ್ದು ಮೂರು ಅಥವಾ ಹೆಚ್ಚು ಸಲ ಹೀಗೆ ಕಳೆದುಕೊಂಡವರಲ್ಲಿ. ಈಗ ವೈದ್ಯರು ಹಳೆಯ ಕಥೆಯ ಜೊತೆಗೆ ಸ್ಕ್ಯಾನಿಂಗ್‌ನಲ್ಲಿ ಗರ್ಭಕಂಠದ ಉದ್ದ ಅಳೆಯುತ್ತಾರೆ. ಹಿಂದೆ ಹೀಗೆ ಕಳೆದುಕೊಂಡವರಲ್ಲಿ 24 ವಾರದೊಳಗೆ ಅದು 25 ಮಿಲಿಮೀಟರಿಗಿಂತ ಕಡಿಮೆಯಾದರೆ ಎಚ್ಚರಗೊಳ್ಳುತ್ತಾರೆ. ಕೆಲವರಿಗೆ ಹೊಲಿಗೆ, ಕೆಲವರಿಗೆ ಪ್ರೊಜೆಸ್ಟರಾನ್ ಎಂಬ ಔಷಧಿ, ಕೆಲವರಿಗೆ ಬರೀ ಆಗಾಗ ನೋಡುತ್ತಾ ಇರುವುದು. ಹೊಲಿಗೆ ಹಾಕಿದ ಮೇಲೂ ಸೋಂಕು ತಗಲಬಹುದು, ನೀರು ಒಡೆಯಬಹುದು. ಇನ್ನು ಹಾಸಿಗೆ ಬಿಟ್ಟು ಏಳಬಾರದೆಂಬ ಸಲಹೆಯಿಂದ ಗರ್ಭ ಉಳಿಯುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ. ನಮ್ಮಕ್ಕನನ್ನು ಹತ್ತಿ ಹೊಲಕ್ಕೆ ಹೋಗಿದ್ದಕ್ಕೆ ಬೈದವರಿಗೆ ಇದನ್ನು ತೋರಿಸಬೇಕು ಅನ್ನಿಸಿತು. ತೋರಿಸಲಿಲ್ಲ. ಅವ್ವನಿಗೆ ಮಾತ್ರ ಓದಿ ಹೇಳಿದೆ. ಬೈದವರಲ್ಲಿ ಅವಳೂ ಒಬ್ಬಳಾಗಿದ್ದಳು.

ಮೂರನೇ ಸಲ ಬಸಿರಾದಾಗ ಅಕ್ಕನನ್ನು ರಾಯಚೂರಿಗೆ ಕರೆತಂದದ್ದು ಯಾವ ತಿಳಿವಳಿಕೆಯಿಂದಲೂ ಅಲ್ಲ. ಅವರ ಊರಿನ ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಬರೆಯುವಾಗ ಹಿಂದಿನ ಎರಡೂ ಐದನೇ ತಿಂಗಳಲ್ಲೇ ಹೋದದ್ದೇ ಎಂದು ಎರಡು ಸಲ ಕೇಳಿದರಂತೆ. ಕೇಳಿ, ತಡ ಮಾಡದೆ ಮೂರು ತಿಂಗಳೊಳಗೇ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ, ಹಳೆಯ ಚೀಟಿಗಳನ್ನೂ ಒಯ್ಯಿರಿ ಅಂದರಂತೆ. ದೇವದುರ್ಗದಿಂದ ಗಬ್ಬೂರು ಮೇಲೆ ರಾಯಚೂರಿಗೆ ಬರುವ ದಾರಿಯುದ್ದಕ್ಕೂ ಅಕ್ಕ ಹಳೆಯ ಚೀಟಿಗಳಿದ್ದ ಪ್ಲಾಸ್ಟಿಕ್ ಚೀಲವನ್ನು ಮಡಿಲಲ್ಲಿ ಹಿಡಿದುಕೊಂಡೇ ಬಂದಳು. ಒಂದು ಚೀಟಿ ಸಿಕ್ಕಿರಲಿಲ್ಲ. ಅಶುಭ ಎಂದು ಯಾರೋ ಒಲೆಗೆ ಹಾಕಿದ್ದರು. ಇದ್ದ ಚೀಟಿಗಳನ್ನೆಲ್ಲ ವೈದ್ಯೆ ಮೇಜಿನ ಮೇಲೆ ಹರಡಿಕೊಂಡು, ನೋವು ಬಂದಿತ್ತೇ, ನೀರು ಮೊದಲು ಹೋಯಿತೇ, ಎಷ್ಟು ಹೊತ್ತಿನಲ್ಲಿ ಆಯಿತು ಎಂದು ಒಂದೊಂದಾಗಿ ಕೇಳಿದರು. ಅಷ್ಟು ಹೊತ್ತು ಅಕ್ಕನ ಮಾತನ್ನು ಕೇಳಿಸಿಕೊಂಡವರು ಅವರೇ ಮೊದಲು. ಹೊರಗೆ ಬಂದವಳೇ ಅತ್ತಳು. ಗಾಬರಿಯಾಗಿ ಕೇಳಿದರೆ, ತನ್ನ ತಪ್ಪಲ್ಲವಂತೆ ಎಂದಳು.

ಹದಿಮೂರನೇ ವಾರದಲ್ಲಿ ಹೊಲಿಗೆ ಹಾಕಿದರು. ಒಳಗಿದ್ದದ್ದು ಅರ್ಧ ಗಂಟೆಯೂ ಇರಲಿಕ್ಕಿಲ್ಲ. ನಾನು ಬರ್ಗರ್ ನೆನೆದು ಕೂತದ್ದು ಆಗಲೇ.

ಐದನೇ ತಿಂಗಳು ಬಂದಾಗ ಮನೆಯಲ್ಲಿ ಯಾರೂ ತಿಂಗಳ ಹೆಸರೇ ಎತ್ತುತ್ತಿರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಫೋನ್ ಮಾಡಿ ಮಳೆ ಬಂತೇ ಎಂದು ಕೇಳಿ ಇಟ್ಟುಬಿಡುತ್ತಿದ್ದ. ಆ ತಿಂಗಳು ದಾಟಿತು, ಆರೂ ದಾಟಿತು. ಇದನ್ನು ಬರೆಯುವಾಗ ಅಕ್ಕನಿಗೆ 31ನೇ ವಾರ, ಮಾನ್ವಿಯ ಮನೆಯಲ್ಲಿದ್ದಾಳೆ. 37ನೇ ವಾರ ತುಂಬುವ ಹೊತ್ತಿಗೆ ಹೊಲಿಗೆ ಬಿಚ್ಚುತ್ತಾರೆ, ಅದಕ್ಕೂ ಮೊದಲು ನೋವು ಬಂದರೆ ಕೂಡಲೇ ಬರಬೇಕು ಎಂದಿದ್ದಾರೆ. ಆ ವಾರವೇ ನನಗೆ ಇಂಟರ್ನಲ್ಸ್ ಇದೆ. ಕ್ಲಾಸ್ ಟೀಚರಿಗೆ ಮೊದಲೇ ಹೇಳಿಟ್ಟಿದ್ದೇನೆ. ಕಾರಣ ಕೇಳಿದಾಗ, ಕುಟುಂಬದ ಕೆಲಸ ಎನ್ನಲು ಹೊರಟವನು ತಡೆದುಕೊಂಡು, ಅಕ್ಕನ ಗರ್ಭಕಂಠದ ಹೊಲಿಗೆ ಬಿಚ್ಚುವುದಿದೆ ಸರ್ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ಟಾಫ್‌ರೂಮಿನ ಬಾಗಿಲು ಮುಂದೆ ಮಾಡಿ, ಅದೇನು ಸ್ವಲ್ಪ ಬಿಡಿಸಿ ಹೇಳು, ನಮ್ಮ ಮನೆಯಲ್ಲೂ ಎರಡು ಸಲ ಹೀಗೇ ಆಯಿತು ಎಂದರು.